ಬಲಗೈಯವನ ಎಡಗೈ

ಗುದೈಬಿಯಾದ ಓಣಿಯಲ್ಲಿ ನಮ್ಮ ಕಟ್ಟಡದ ಲಿಫ್ಟು
ರಂಜಾನಿಗೆ ಮುಂಚೆಯೇ ಕೆಟ್ಟಿತ್ತು.
ಮೂರು ಮಾಳಿಗೆ, ಐವತ್ತೆರಡು ಮೆಟ್ಟಿಲು.
ಎರಡನೇ ತಿರುವಿನಲ್ಲಿ ವಾಮನ ನಿಲ್ಲುತ್ತಿದ್ದ,
ಜೇಬಿನಿಂದ ಫೋನು ತೆಗೆದು
ಕಣ್ಣು ಕಿರಿದು ಮಾಡಿ ಏನೋ ಓದುತ್ತಿದ್ದ.
ಮನೆಯಿಂದ ಮೆಸೇಜು ಎನ್ನುತ್ತಿದ್ದ.
ಆ ತಿರುವಿನಲ್ಲಿ ನೆಟ್‌ವರ್ಕೇ ಇಲ್ಲವೆಂಬುದು
ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು.

ಇಸ್ತ್ರಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ.
ಅರಬರ ಬಿಳಿ ತೋಬು, ಗಂಜಿ ಹಾಕಿದ ಗುತ್ರ,
ಹಣೆಯ ನಡುವಿನ ಮಡಿಕೆ
ಹಾವಿನ ಹೆಡೆಯ ಹಾಗೆ ಎದ್ದು ನಿಲ್ಲಬೇಕು,
ನಿಲ್ಲದಿದ್ದರೆ ಬಟ್ಟೆ ವಾಪಸು.
ಅವನ ಗುತ್ರ ಒಂದೂ ವಾಪಸು ಬಂದದ್ದಿಲ್ಲ.

ಮೊದಲು ಹಲ್ಲುನೋವು ಅಂದ.
ಲವಂಗ ಕಚ್ಚಿಕೊಂಡ. ಯಾವ ಹಲ್ಲು ಎಂದು ಕೇಳಿದರೆ
ದವಡೆಯುದ್ದಕ್ಕೂ ಬೆರಳು ಎಳೆದು ತೋರಿಸಿದ,
ವಿಳಾಸ ಮರೆತವನ ಹಾಗೆ.
ಆಮೇಲೆ ಗ್ಯಾಸು.
ಗ್ಯಾಸು ಎಂದರೆ ನಮ್ಮ ರೂಮಿನಲ್ಲಿ ಎಲ್ಲರೂ ವೈದ್ಯರೇ:
ಮಂಜೇಶ್ವರದ ಪೋಕರಾಕ ಜೀರಿಗೆ ಕುದಿಸಿದರು,
ಬೆಂಜಮಿನ್ ಸೋಡಾಕ್ಕೆ ಉಪ್ಪು ಹಾಕಿ ಬುಸುಗುಡಿಸಿದ,
ನಾನು ಬೆನ್ನು ತಟ್ಟಿದೆ, ಹಾಲು ಕುಡಿದ ಮಗುವಿಗೆ ತಟ್ಟಿದ ಹಾಗೆ.
ಒಂದು ತೇಗು ಬಂತು. ನಾವೆಲ್ಲ ನಕ್ಕೆವು.
ಆ ತೇಗನ್ನು ನಾನು ಈಗಲೂ ಕ್ಷಮಿಸಿಲ್ಲ.

ಬೆವರನ್ನು ಇಲ್ಲಿ ಯಾರು ಲೆಕ್ಕಕ್ಕಿಡುತ್ತಾರೆ?
ಆಗಸ್ಟಿನಲ್ಲಿ ಕಡಲೇ ಬೆವರುವ ಊರು.
ಆದರೆ ಆ ಶುಕ್ರವಾರ ಬೆಳಿಗ್ಗೆ
ಎ.ಸಿ. ಹದಿನೆಂಟರಲ್ಲಿ ಗುಂಯ್‌ಗುಡುತ್ತಿತ್ತು,
ಪೋಕರಾಕ ಕಂಬಳಿಯನ್ನು ತಲೆವರೆಗೆ ಎಳೆದಿದ್ದರು,
ಕೆಳಗಿನ ಮಂಚದಲ್ಲಿ ವಾಮನನ ದಿಂಬು ಒದ್ದೆ.
ಹಣೆ ಮುಟ್ಟಿದೆ: ತಣ್ಣಗಿನ ಬೆವರು,
ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಬಾಟಲಿಯ ಮೈ.
"ಏನಿಲ್ಲ ಮಾರಾಯ, ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಕೈ ಸೋತಿದೆ"
ಎಂದು ಎಡತೋಳನ್ನು ಒತ್ತಿಕೊಂಡ.

ಎಡತೋಳು.
ಇಷ್ಟು ವರ್ಷದಲ್ಲಿ ಅವನು ಎಡಗೈಯಲ್ಲಿ
ಇಸ್ತ್ರಿ ಹಿಡಿದದ್ದನ್ನು ನಾನು ಕಂಡಿಲ್ಲ.
ಆ ಕೈಗೆ ಬಟ್ಟೆಯ ಅಂಚು ಎಳೆದು ಹಿಡಿಯುವುದೊಂದೇ ಕೆಲಸ.
ಭಾರ ಹೊರದ ಕೈ ಯಾಕೆ ಸೋಲುತ್ತದೆ?

ಎಬ್ಬಿಸಿ ವ್ಯಾನಿನಲ್ಲಿ ಕೂರಿಸಿದೆ. ಬೈದ.
ಶುಕ್ರವಾರವೇ ಗಿರಾಕಿ ಜಾಸ್ತಿ ಅಂದ,
ಭಾನುವಾರ ನೋಡುವ ಅಂದ,
ಗುರುತಿನ ಕಾರ್ಡು ಎಲ್ಲಿಟ್ಟಿದ್ದೇನೋ ಅಂದ.
ಸಿಗ್ನಲಿನಲ್ಲಿ ಕೆಂಪು. ನಾನು ಬಿಸ್ಮಿಲ್ಲಾ ಹೇಳಿದೆ,
ಅವನು ಕಟೀಲಿನ ಅಮ್ಮನನ್ನು ಕರೆದ,
ಆಮೇಲೆ ಇಬ್ಬರೂ ಸುಮ್ಮನೆ ರೇಡಿಯೊ ಕೇಳಿದೆವು.

ತುರ್ತು ಕೋಣೆಯ ನರ್ಸು, ತಿರುವಲ್ಲದ ಶೈನಿ,
"ಹತ್ತುವಾಗ, ನಡೆಯುವಾಗ ಬರುತ್ತಿತ್ತಾ?" ಎಂದಳು.
"ಬರುತ್ತಿತ್ತು. ನಿಂತರೆ ಹೋಗುತ್ತಿತ್ತು.
ಅದಕ್ಕೇ ಏನಿಲ್ಲ ಅಂದುಕೊಂಡೆ."
"ಚೇಟಾ, ನಿಂತರೆ ಹೋಗುವುದೇ ಅದರ ಗುರುತು.
ಇವತ್ತು ಮಲಗಿದರೂ ಹೋಗಲಿಲ್ಲ, ಅಲ್ಲವೇ?"

ಯಂತ್ರದಿಂದ ಗುಲಾಬಿ ಕಾಗದ ಸುರುಳಿ ಬಿಚ್ಚಿ ಬಂತು,
ಗೆರೆ ಏರಿ, ಇಳಿದು, ಒಂದು ಕಡೆ ಕುಸಿದು.
ಅಷ್ಟೆಲ್ಲ ವಯರುಗಳ ನಡುವೆ ಮಲಗಿದ ವಾಮನ
ಕಸುಬಿನವನ ಕಣ್ಣಲ್ಲಿ ಅದನ್ನೇ ನೋಡಿದ.
"ತುಂಬ ಸುಕ್ಕು ಅಲ್ವಾ ಅಬ್ಬು" ಅಂದ.
ಸ್ವಲ್ಪ ಹೊತ್ತು ಬಿಟ್ಟು,
"ಇದನ್ನು ಮಾತ್ರ ನೆಟ್ಟಗೆ ಮಾಡಬಾರದು."

ಎರಡು ಸ್ಟೆಂಟು. ನಲವತ್ತು ದಿನ.
ಅಂಗಡಿಯಲ್ಲಿ ಬೆಂಜಮಿನ್ ನಿಂತ,
ಗುತ್ರಗಳೆಲ್ಲ ವಾಪಸು ಬಂದವು.

ನಿನ್ನೆ ಎರಡನೇ ತಿರುವಿನಲ್ಲಿ
ವಾಮನ ನಿಂತ. ಫೋನು ತೆಗೆಯಲಿಲ್ಲ.
"ನಿಲ್ಲು ಅಬ್ಬು, ಸುಸ್ತಾಯ್ತು" ಅಂದ, ಜೋರಾಗಿ,
ಪಕ್ಕದ ಮನೆಯ ಮಗು ಬಾಗಿಲು ತೆರೆದು ನೋಡುವಷ್ಟು.
ಕಿಟಕಿಯಾಚೆ ಯಾರದೋ ತೋಬು ಒಣಗುತ್ತಿತ್ತು,
ತೋಳೆರಡೂ ಗಾಳಿ ತುಂಬಿಕೊಂಡು.
ನಾನೂ ನಿಂತೆ.
ಯಾಕೋ ನನ್ನ ದವಡೆಯನ್ನು
ಒಮ್ಮೆ ಮುಟ್ಟಿ ನೋಡಿಕೊಂಡೆ.