ನೂರಾ ಮೂರು ಡಿಗ್ರಿ

ಒತಾರುವಿನಲ್ಲಿ ಹಿಮ ಅಡ್ಡಡ್ಡ ಬೀಳುತ್ತದೆ,
ಕಡಲ ಕಡೆಯಿಂದ.
ಅದನ್ನು ಕೊಡವುತ್ತ ಅಂಗಡಿಯೊಳಗೆ ಬಂದಳು ನಾತ್ಸುಹೊ,
ಜ್ವರದ ಮಗುವಿನಂತೆ ಕುಕ್ಕರನ್ನು ಅವಚಿಕೊಂಡು.
"ಇಸಾಮು-ಸಾನ್, ನಿನ್ನೆ ಕರೆಂಟು ಹೋಗಿ ಬಂತಲ್ಲ,
ಆಗಿನಿಂದ ಇ-ಏಳು ಅನ್ನುತ್ತಿದೆ.
ಬೇರೆ ಮಾತೇ ಇಲ್ಲ."

ಬಿಚ್ಚಿದೆ.
ಕಾಯುವ ಸುರುಳಿ ಸರಿಯಿದೆ. ತಂತಿ ಸರಿಯಿದೆ.
ಪಾತ್ರೆಗೆ ಒಂದು ಗೀರೂ ಇಲ್ಲ.
ಸತ್ತದ್ದು ಉಗುರಗಲದ ಕಪ್ಪು ಚಿಪ್ಪು.
ಹದಿನಾಲ್ಕು ಬಗೆಯ ಅಕ್ಕಿ ಬಲ್ಲದ್ದು,
ಗಂಜಿಗೊಂದು ರಾಗ, ಕೆಂಪಕ್ಕಿಗೊಂದು ರಾಗ ಹಾಡುತ್ತಿದ್ದದ್ದು,
ಅರೆಗಳಿಗೆಯ ಕತ್ತಲೆಗೆ ಬೆಚ್ಚಿ
ತಾನು ಯಾರೆಂಬುದನ್ನೇ ಮರೆತಿದೆ.
ಕೊಂಡು ನಾಲ್ಕು ವರ್ಷ. ಈ ಮಾದರಿಯ ಹಲಗೆ ಈಗ ಬರುವುದಿಲ್ಲ.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಗೊಣಗುತ್ತ
ಅಟ್ಟದಿಂದ ಅಮ್ಮನ ಕುಕ್ಕರ್ ಇಳಿಸಿದೆ.
ಒಂದೇ ಗುಂಡಿ. ಅದೂ ಬಣ್ಣ ಸವೆದದ್ದು.
"ತಳದಲ್ಲಿ ನೋಡು, ಅಯಸ್ಕಾಂತ.
ನೀರಿರುವ ತನಕ ಪಾತ್ರೆ ನೂರು ದಾಟದು,
ಅಲ್ಲಿಯ ತನಕ ಇದು ಹಿಡಿದ ಕೈ ಬಿಡದು.
ಕೊನೆಯ ಹನಿಯನ್ನು ಅಕ್ಕಿ ಕುಡಿದ ಮೇಲೆ
ಬಿಸಿ ಏರುತ್ತದೆ. ನೂರಾ ಒಂದು. ಎರಡು.
ಮೂರರ ಹೊತ್ತಿಗೆ ಇದಕ್ಕೂ ಮರೆವು,
ತಾನು ಅಯಸ್ಕಾಂತವೆಂಬುದೇ ಮರೆವು.
ಸ್ಪ್ರಿಂಗು ಜಗ್ಗುತ್ತದೆ, ಟಕ್. ಅನ್ನವಾಯಿತು.
ತಣ್ಣಗಾದರೆ ಎಲ್ಲ ನೆನಪಿಗೆ ಬರುತ್ತದೆ."

ಅವಳು ಕೈಗವಸು ಕಳಚಿ ಗುಂಡಿಯನ್ನು ಒತ್ತಿ ನೋಡಿದಳು.
"ನನ್ನದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ.
ಬೆಳಗ್ಗೆ ಐದೂವರೆಗೆ ಹುಡುಗ ಏಳುತ್ತಾನೆ, ಒಬ್ಬನೇ.
ನಿಮ್ಮ ಅಯಸ್ಕಾಂತಕ್ಕೆ ಗಂಟೆ ಗೊತ್ತೇ?"

ಮೇಜಿನ ಖಾನೆಯಲ್ಲಿ ಕೀಲಿ ಕೊಡುವ ಟೈಮರಿತ್ತು.
ಕೊಟ್ಟೆ. ತಿರುಗಿಸಿದಳು.
ಹಲ್ಲು ಸವೆದು ಎಂಟು ಗಂಟೆಯ ಬಳಿ ಜಾರುತ್ತಿತ್ತು.
ನಗು ಬಂತು ಅವಳಿಗೆ. ನನಗೂ.
ಮಾತಿನ ಭರದಲ್ಲಿ ಒಂದು ಲೋಟ ಅಕ್ಕಿ ಇಟ್ಟಿದ್ದೆ;
ಅಷ್ಟರಲ್ಲಿ ಹಿಂದಿನಿಂದ ಟಕ್.
"ಆಯಿತು" ಎಂದೆ, ತಿರುಗಿಯೂ ನೋಡದೆ.
"ಅಷ್ಟು ಸಣ್ಣ ಸದ್ದು ಹೇಗೆ ಕೇಳಿಸಿತು ನಿಮಗೆ?"

ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು.
ಅಲ್ಲೊಂದು ಚಿಪ್ಪು, ಅಕ್ಕಿಕಾಳಿಗಿಂತ ತುಸು ದೊಡ್ಡದು.
ಸಪ್ಪೊರೊದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಮುಂದೆ ಕೂತು
ನನ್ನ ಕಿವುಡಿನ ನಕ್ಷೆ ಬರೆದು
ಅದಕ್ಕೆ ಓದಲು ಕೊಟ್ಟಿದ್ದಾಳೆ.
ಅದಿಲ್ಲದಿದ್ದರೆ ನನಗೆ
ಹಿಮವೂ ಒಂದೇ, ಟ್ರಕ್ಕೂ ಒಂದೇ.
ಏನೂ ಹೇಳಲಿಲ್ಲ. ಅನ್ನ ಬಡಿಸಿದೆ.
ಒಂದಗುಳು ಹಿಸುಕಿ ನೋಡಿ, ತಲೆಯಾಡಿಸಿ, ಉಂಡಳು.
"ಹೊಸದನ್ನೇ ಕೊಳ್ಳುತ್ತೇನೆ, ಇಸಾಮು-ಸಾನ್."
ಬಿಚ್ಚಿದ ಕೂಲಿ ಕೊಡಬಂದಳು, ಬೇಡವೆಂದೆ.

ರಾತ್ರಿ ಷಟರು ಎಳೆದು
ಕಿವಿಯನ್ನು ಚಾರ್ಜಿಗೆ ಇಟ್ಟು
ಮತ್ತೆ ಗುಂಡಿ ಒತ್ತಿದೆ, ನನ್ನ ಊಟಕ್ಕೆ.
ಮುಚ್ಚಳದ ಮೇಲೆ ಬೆರಳಿಟ್ಟು ಕೂತೆ,
ಆ ಟಕ್ ಚರ್ಮಕ್ಕಾದರೂ ತಿಳಿಯಲೆಂದು.
ತೂಕಡಿಕೆ ಬಂತೋ ಏನೋ, ತಿಳಿಯಲಿಲ್ಲ.
ಕಣ್ಣು ಬಿಟ್ಟು ನೋಡಿದರೆ
ಗುಂಡಿ ಯಾವಾಗಲೋ ಮೇಲೆದ್ದಿತ್ತು.
ಅನ್ನ ಆಗಿತ್ತು.