ಆವರಣದ ಒಳಗಿನದು ಮೊದಲು

ಹುಣ್ಣಿಮೆಯ ಆಚೀಚೆ ಹತ್ತು ರಾತ್ರಿ ಮಾತ್ರ ನಮ್ಮ ಶಾಲೆ.
ಬೆಳದಿಂಗಳಲ್ಲಿ ಒಮೆನಾ ಮೀನು ದೀಪಕ್ಕೆ ಮರುಳಾಗುವುದಿಲ್ಲ,
ದೋಣಿಗಳು ಮರಳ ಮೇಲೆ ಮಗ್ಗುಲಾಗಿ ಮಲಗುತ್ತವೆ,
ಹೆಂಗಸರಿಗೆ ಬಿಡುವು.
ವಿಕ್ಟೋರಿಯಾ ಸರೋವರದ ದಡ, ಮೀನು ತೂಗುವ ತಗಡಿನ ಕೊಟ್ಟಿಗೆ,
ತಕ್ಕಡಿಯ ಕೊಕ್ಕೆಗೆ ನೇತುಹಾಕಿದ ಕರಿಹಲಗೆ.
ನಾನು ಮೂವತ್ತು ವರ್ಷ ಫೆರಿಯಲ್ಲಿ ಚೀಟಿ ಹರಿದವನು,
ಚಿಲ್ಲರೆ ಎಣಿಸಿ ಎಣಿಸಿಯೇ ಮೇಷ್ಟರಾದವನು.

ಮೊದಲ ರಾತ್ರಿ ಬರೆದೆ:
ಒಬ್ಬಳ ಬಳಿ ಇಪ್ಪತ್ತು ಡಬ್ಬ ಮೀನು.
ದಿನಕ್ಕೆ ಮೂರರಂತೆ ನಾಲ್ಕು ದಿನ ಮಾರಿದಳು. ಉಳಿದದ್ದೆಷ್ಟು?
ಅಪೊಂಡಿ ಸೀಮೆಸುಣ್ಣ ಕಸಿದು ಎಡದಿಂದ ಬಲಕ್ಕೆ ಓಡಿದಳು:
ಇಪ್ಪತ್ತರಲ್ಲಿ ಮೂರು ಹೋದರೆ ಹದಿನೇಳು,
ಹದಿನೇಳ್ನಾಲ್ಕಲಿ ಅರವತ್ತೆಂಟು.
ಕೊಟ್ಟಿಗೆಗೆ ಕೊಟ್ಟಿಗೆಯೇ ನಕ್ಕಿತು. ಅವಳೂ ನಕ್ಕಳು.
"ಮಾರಿದಷ್ಟೂ ಹೆಚ್ಚುವ ಮೀನು!
ಇದನ್ನು ಅಳಿಸಬೇಡಿ ಮೇಷ್ಟ್ರೇ,
ನಾನು ಈ ಲೆಕ್ಕದಲ್ಲೇ ಇದ್ದುಬಿಡುತ್ತೇನೆ."

ಗುಣಿಸುವುದು ಮೊದಲು, ಕಳೆಯುವುದು ಆಮೇಲೆ ಅಂದೆ.
ಯಾಕೆ? ಯಾರು ಹೇಳಿದ್ದು?
ನನಗೂ ಗೊತ್ತಿರಲಿಲ್ಲ. ಪುಸ್ತಕ ಹೇಳಿತ್ತು, ನಂಬಿದ್ದೆ.
ಹಲ್ಲಿನ ಸಂದಿಯ ಮುಳ್ಳು ಕೀಳುತ್ತ ಮುದುಕಿ ನ್ಯಾಬುರಿ ಅಂದಳು:
"ಮೂರು ಮೂರು ಡಬ್ಬ, ಒಂದೊಂದು ದಿನದ ಗಂಟು.
ಗಂಟು ಕಟ್ಟದೆ ತಲೆಯಿಂದ ಹೊರೆ ಇಳಿಸುತ್ತಾರೇನೇ?"
ಆಮೇಲೆ ನನ್ನ ಕಡೆ ತಿರುಗಿ:
"ಅದಿರಲಿ, ಆ ನಾಲ್ಕು ದಿನದಲ್ಲಿ ಮಳೆ ಬಂದದ್ದು ಯಾವತ್ತು?
ನೆಂದ ಮೀನು ಕೋಳಿಗೆ ತಾನೇ, ಅದನ್ನೆಲ್ಲಿ ಕಳೆದಿರಿ?"
ಪುಸ್ತಕದ ಲೆಕ್ಕಗಳಲ್ಲಿ ಮೋಡವೇ ಇಲ್ಲ.

ಆರನೆಯ ರಾತ್ರಿ ಆವರಣ ಚಿಹ್ನೆ.
ಎದುರುಬದುರು ಬಾಗಿದ ಎರಡು ಗೆರೆ ಎಳೆದೆ.
ನೀರು ಕುಡಿಯುವ ಬೊಗಸೆ ಅಂದಳೊಬ್ಬಳು,
ಬೇಲಿ ಅಂದಳು ಇನ್ನೊಬ್ಬಳು.
ಏನಾದರೂ ಆಗಲಿ, ಒಳಗಿನದು ಮೊದಲು ಮುಗಿಯಬೇಕು,
ಹೊರಗಿನವರು ಎಷ್ಟು ದೊಡ್ಡವರಾದರೂ
ಬಾಗಿಲಲ್ಲಿ ಕಾಯಬೇಕು ಅಂದೆ.
ಈ ಸಲ ಅಪೊಂಡಿ ನಗಲಿಲ್ಲ.

ಮಾರನೆಯ ರಾತ್ರಿ ಸೋಪಿನ ಪೊಟ್ಟಣದ ಬೆನ್ನಿಗೆ
ತನ್ನದೇ ಒಂದು ಲೆಕ್ಕ ಬರೆದು ತಂದಳು:
ಬಲೆ ನನ್ನದು, ದೋಣಿ ಒಕುಂಬನದು.
ರಾತ್ರಿಗೆ ಒಂಬತ್ತು ಬೋಗುಣಿ ಮೀನು,
ಬೋಗುಣಿಗೆ ನೂರೈವತ್ತು ಶಿಲ್ಲಿಂಗ್.
ದೀಪದ ಖರ್ಚು ಮುನ್ನೂರೈವತ್ತು. ಪಾಲು ಅರ್ಧರ್ಧ.
ನನಗೆಷ್ಟು?

ಒಕುಂಬನ ದಾರಿ: ಮೊದಲು ಹಂಚು,
ದೀಪವನ್ನು ಅವಳ ಪಾಲಿನಲ್ಲಿ ಕಳೆ.
ಮುನ್ನೂರ ಇಪ್ಪತ್ತೈದು. ಏಳು ವರ್ಷದಿಂದ ಇದೇ.
ಅವಳು ದೀಪವನ್ನೆತ್ತಿ ಆವರಣದೊಳಗೆ ಕೂರಿಸಿದಳು,
ಕಳೆದಳು, ಆಮೇಲೆ ಹಂಚಿದಳು.
ಐನೂರು.

ಅವೇ ಅಂಕಿ, ಅವೇ ಚಿಹ್ನೆ,
ಎರಡು ಸೊಟ್ಟ ಗೆರೆಯ ಬೆಲೆ ನೂರ ಎಪ್ಪತ್ತೈದು ಶಿಲ್ಲಿಂಗ್.
"ದೀಪ ಕರೆದದ್ದು ನನ್ನ ಪಾಲಿನ ಮೀನನ್ನಷ್ಟೇ ಏನು?"
ತಿಂಗಳ ಇಪ್ಪತ್ತು ಕತ್ತಲ ರಾತ್ರಿಯಿಂದ ಗುಣಿಸಿದಳು:
ಮೂರೂವರೆ ಸಾವಿರ.
ಹನ್ನೆರಡರಿಂದ ಗುಣಿಸಹೋದಾಗ ಸೀಮೆಸುಣ್ಣ ಮುರಿಯಿತು.
ಯಾರೂ ಹೊಸ ತುಂಡು ಕೊಡಲಿಲ್ಲ.

ಚಂದ್ರ ಸವೆದ, ಶಾಲೆ ಮುಚ್ಚಿತು,
ನೀರಿನ ಮೇಲೆ ದೀಪಗಳ ಊರು ಎದ್ದಿತು.
ಬೆಳಗಿನ ಜಾವ ಒದ್ದೆ ಮರಳಿನಲ್ಲಿ ಅವಳು ಕೋಲಿನಿಂದ ಗೀಚಿದ್ದನ್ನು
ನಾನು ದೂರದಿಂದ ಕಂಡೆ.
ಒಕುಂಬ ಬಗ್ಗಿ ನೋಡಿದ: "ಏನಿದು, ಎರಡು ಮೀನಾ?"
ಅಲೆ ಬಂದು ಎಡಗಡೆಯದನ್ನು ನೆಕ್ಕಿತು. ಅವಳು ಮತ್ತೆ ಎಳೆದಳು.
ಮತ್ತೆ ನೆಕ್ಕಿತು. ಮತ್ತೆ ಎಳೆದಳು.
ಆ ವಾರ ಅವನು ಸಂತೆಯಲ್ಲಿ ನನ್ನನ್ನು ಮಾತಾಡಿಸಲಿಲ್ಲ.

ಮುಂದಿನ ಬೆಳದಿಂಗಳಿಗೆ ಅಪೊಂಡಿ ಮೊದಲೇ ಬಂದಿದ್ದಳು.
"ನೂರಕ್ಕೆ ಒಪ್ಪಿದ," ಅಂದಳು, ಅಷ್ಟೇ.
ಹಲಗೆಯ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ ಬರೆದಳು:
ಶೇಷ ಎಪ್ಪತ್ತೈದು.
ಅಳಿಸಬೇಡಿ.