ಸೀಳದ ಹಾಳೆ

ಬೆಂಡಿಗೊ ಗ್ಯಾಲರಿಯ ಮೂರನೇ ಕೋಣೆಯಲ್ಲಿ
ಹನ್ನೊಂದು ವರ್ಷದಿಂದ ನಿಂತಿದ್ದೇನೆ.
ಎದೆಯ ಬಿಲ್ಲೆಯಲ್ಲಿ ಕಾತ್ಯಾಯಿನಿ, ಕರೆಯುವವರಿಗೆ ಕೇಟಿ.
ಮುಟ್ಟಬೇಡಿ. ಚೀಲ ಮುಂದಕ್ಕೆ ಹಾಕಿಕೊಳ್ಳಿ.
ಶೌಚಾಲಯ ಎಡಕ್ಕೆ.
ಕಲೆಯ ಬಗ್ಗೆ ನಾನು ಬಾಯಿಬಿಟ್ಟು ಆಡಿದ್ದು ಇಷ್ಟೇ.

ಉಳಿದದ್ದನ್ನೆಲ್ಲ ನನ್ನ ಪರವಾಗಿ
ಸತ್ತುಹೋದ ಕೀಟಲೆಗಾರರು ಆಡಿಟ್ಟಿದ್ದಾರೆ:
ಖಾಲಿ ಚೌಕಟ್ಟನ್ನು ಜಮೀನ್ದಾರನಿಗೆ ಮಾರಿದವನ ಕಥೆ,
ತಲೆಕೆಳಗಾಗಿ ತೂಗಿದ ಚಿತ್ರಕ್ಕೆ
ಎಂಟು ಪುಟ ವಿಮರ್ಶೆ ಬರೆದವನ ಕಥೆ,
ಗಂಡನ ಸಹಿಯನ್ನು ಗಂಡನಿಗಿಂತ ಚೆನ್ನಾಗಿ
ಹಾಕಲು ಕಲಿತ ವಿಧವೆಯ ಕಥೆ.
ನಲವತ್ತಮೂರು ಕಾದಂಬರಿ, ಎಲ್ಲವೂ ಮೊದಲ ಮುದ್ರಣ.
ಸೋಫಾ ಮಾರಿ ಕಪಾಟು ತಂದೆ.

ಒಂದು ಕಾಲಕ್ಕೆ ಚಿನ್ನಕ್ಕಾಗಿ ನೆಲ ಬಗೆದ ಊರು.
ನಾನು ಬಗೆಯುವುದು ಟ್ರಿಗಾನಿಂಗ್ ಅಜ್ಜಿಯ
ಅಂಗಡಿಯ ಹಿತ್ತಲ ಪೆಟ್ಟಿಗೆಗಳನ್ನು.
ಗುರುತು ಹಿಡಿಯಲು ಅವಳೇ ಕಲಿಸಿದಳು:
ಮೊದಲ ಪುಟದಲ್ಲೇ 'ಮೇಧಾವಿ'ಯ ಒಂದಕ್ಷರ ಉದುರಿರಬೇಕು.
ತಿದ್ದಿದ ಪ್ರತಿಗೆ ಆರು ಡಾಲರು,
ತಪ್ಪಿಗೆ ಆರುನೂರು.

ಕಳೆದ ಮಂಗಳವಾರ ಸಿಕ್ಕೇಬಿಟ್ಟಿತು.
ಹಳದಿ ರಟ್ಟು, ಬೆನ್ನು ಮಾತ್ರ ಬಿಸಿಲಿಗೆ ಬಿಳಿಚಿದೆ,
ಅಕ್ಷರ ಉದುರಿದೆ, ದೇವರು ದೊಡ್ಡವನು,
ಒಳಗೆ ಹಾಳೆಗಳ ಮಡಿಕೆಯನ್ನು ಯಾರೂ ಸೀಳಿಯೇ ಇಲ್ಲ.
ನೂರ ಹದಿನಾಲ್ಕು ವರ್ಷ,
ಒಬ್ಬ ನರಪಿಳ್ಳೆಯೂ ಓದಿಲ್ಲ.
"ಸೀಳಿದರೆ ಅರ್ಧ ಬೆಲೆ, ಕೈ ತಡಕೋ" ಅಂದಳು ಅಜ್ಜಿ.

ಕಥೆ ಏನೆಂದು ಕ್ಯಾಟಲಾಗಿನಲ್ಲಿ ಓದಿದ್ದೆ:
ಚಿತ್ರಗಳನ್ನು ಕೊಂಡು ಕೊಂಡು
ಗೋಡೆಗೆ ಮುಖ ಮಾಡಿಟ್ಟು
ಒಮ್ಮೆಯೂ ನೋಡದ ಸಾಹುಕಾರ.

ಊರಿಗೆಲ್ಲ ಶಕುನ ನುಡಿದ ಹಲ್ಲಿ
ಬಾನಿಯೊಳಗಿಂದ ಲೊಚಗುಟ್ಟಿತು.

ಮೂರು ರಾತ್ರಿ ಮಡಿಕೆಯ ಬಾಯಿ ಅಗಲಿಸಿ,
ಟಾರ್ಚು ಬಿಟ್ಟು, ಕಳ್ಳಿಯ ಹಾಗೆ ಇಣುಕಿ ಓದಿದೆ.
ಅರ್ಧ ವಾಕ್ಯ ಹೊರಗೆ, ಅರ್ಧ ಒಳಗೆ.
ಮೂವತ್ತೆರಡನೇ ಪುಟದ ತುದಿಗೆ
ಸಾಹುಕಾರನ ಮನೆಯ ಕೆಲಸದಾಕೆ,
ಇಪ್ಪತ್ತು ವರ್ಷ ಆ ಚಿತ್ರಗಳ ಬೆನ್ನು ಒರೆಸಿದವಳು,
ಅವನೆದುರು ನಿಂತು
ಕೊನೆಗೂ ಬಾಯಿ ತೆರೆಯುತ್ತಾಳೆ.
ಮಡಿಕೆ.

ಬೆಣ್ಣೆ ಸವರುವ ಚಾಕು ತಂದೆ.
ಮೊದಲು ತೊಳೆದೆ, ಒರೆಸಿದೆ, ಇನ್ನೊಮ್ಮೆ ಒರೆಸಿದೆ.
ಹಾಳೆ ಕೂಡ ದನಿಯೆತ್ತದೆ ಬಿಟ್ಟುಕೊಟ್ಟಿತು,
ಕಾಯುತ್ತಿತ್ತೋ ಏನೋ.

ಅವಳು ಹೇಳಿದ್ದು:
"ಅಯ್ಯಾ, ಸೂಪು ಆರುತ್ತಿದೆ."

ಮುನ್ನೂರು ಡಾಲರಿಗೆ ನಕ್ಕೆ,
ಪಕ್ಕದ ಮನೆಯ ನಾಯಿ ಎದ್ದು ಬೊಗಳುವಷ್ಟು.